ಯಂತ್ರ ಹೇಳಿದ ಬ್ಯಾಕ್ಟೀರಿಯಾ ಯಾವುದು?

ಪ್ರಶ್ನೆ: ನನ್ನ ತಂದೆಗೆ 58 ವರ್ಷ, ಸಕ್ಕರೆ ಕಾಯಿಲೆಯಿದೆ, ಗದ್ದೆ ಕೆಲಸ ಮಾಡುತ್ತಾರೆ. ಆಸಾಡಿಯಲ್ಲಿ ಹಿಡಿದ ಜ್ವರ ಮೂರು ವಾರವಾದರೂ ಬಿಡಲಿಲ್ಲ. ಸ್ಕ್ಯಾನಿಂಗ್‌ನಲ್ಲಿ ಗುಲ್ಮದೊಳಗೆ ಕೀವು ಕಂಡಿತು. ರಕ್ತದ ಕಲ್ಚರ್‌ನಲ್ಲಿ ‘ಬರ್ಕ್‌ಹೋಲ್ಡೇರಿಯಾ ಸೆಪೇಶಿಯಾ’ ಎಂದು ಬಂತು. ದೊಡ್ಡ ಆಸ್ಪತ್ರೆಯವರು ಅದನ್ನು ‘ಬರ್ಕ್‌ಹೋಲ್ಡೇರಿಯಾ ಸ್ಯೂಡೋಮಾಲಿಯೈ’ ಎಂದು ತಿದ್ದಿ, ಮೆಲಿಯಾಯ್ಡೋಸಿಸ್ ಎಂದರು. ಇಂಜೆಕ್ಷನ್ ಮುಗಿದಿದೆ, ಜ್ವರವೂ ಇಲ್ಲ. ಇನ್ನೂ ಮೂರು ತಿಂಗಳು ಮಾತ್ರೆ ಬೇಕೇ? ಲ್ಯಾಬಿನ ಅಷ್ಟು ದುಬಾರಿ ಯಂತ್ರವೇ ತಪ್ಪು ಹೇಳಿದರೆ ಯಾರನ್ನು ನಂಬುವುದು?
– ಓದುಗರು, ಕುಂದಾಪುರ ತಾಲ್ಲೂಕು

ಉತ್ತರ: ಮೊದಲು ಮಾತ್ರೆಯ ವಿಷಯ. ದಯವಿಟ್ಟು ನಿಲ್ಲಿಸಬೇಡಿ. ಈ ಬ್ಯಾಕ್ಟೀರಿಯಾ ದೇಹದೊಳಗೆ ಅಡಗಿ ಕೂರಬಲ್ಲದು. ಅದಕ್ಕೇ ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್ ಇಂಜೆಕ್ಷನ್ ಕನಿಷ್ಠ 10ರಿಂದ 14 ದಿನ, ಒಳಗೆ ಕೀವಿದ್ದರೆ ಇನ್ನೂ ಹೆಚ್ಚು ದಿನ ಕೊಟ್ಟು, ಆಮೇಲೆ ಕೋಟ್ರೈಮಾಕ್ಸಜೋಲ್ ಮಾತ್ರೆಯನ್ನು ಕನಿಷ್ಠ ಮೂರು ತಿಂಗಳು ಮುಂದುವರಿಸುತ್ತೇವೆ. ಜ್ವರ ಬಿಟ್ಟಿತೆಂದು ನಡುವೆ ಕೈಬಿಟ್ಟರೆ ಕಾಯಿಲೆ ಮರುಕಳಿಸಿ ಜೀವಕ್ಕೇ ಎರವಾಗಬಹುದು. ಮಾತ್ರೆಯಿಂದ ರಕ್ತದಲ್ಲಿ ಪೊಟ್ಯಾಸಿಯಂ ಏರಬಹುದು, ಮೂತ್ರಪಿಂಡಕ್ಕೂ ತೊಂದರೆಯಾಗಬಹುದು. ಆದ್ದರಿಂದ ಹೇಳಿದ ದಿನ ರಕ್ತಪರೀಕ್ಷೆ ಮಾಡಿಸಿ. ಮೈಮೇಲೆ ದದ್ದು ಎದ್ದರೆ ಅಂದೇ ವೈದ್ಯರಿಗೆ ತೋರಿಸಿ.

ಇನ್ನು ಯಂತ್ರ. ಅನೇಕ ಲ್ಯಾಬುಗಳಲ್ಲಿರುವ ವೈಟೆಕ್-2 ಯಂತ್ರಕ್ಕೆ ಒಂದು ಪ್ಲಾಸ್ಟಿಕ್ ಕಾರ್ಡ್ ಹಾಕುತ್ತಾರೆ. ಅದರಲ್ಲಿ 64 ಪುಟ್ಟ ಗುಳಿಗಳಿರುತ್ತವೆ. ಒಂದೊಂದರಲ್ಲಿ ಒಂದೊಂದು ಬಗೆಯ ಸಕ್ಕರೆಯೋ ಬೇರೆ ರಾಸಾಯನಿಕವೋ ಇರುತ್ತದೆ. ಕಲ್ಚರ್‌ನಲ್ಲಿ ಬೆಳೆದ ಬ್ಯಾಕ್ಟೀರಿಯಾ ಯಾವುದನ್ನು ಅರಗಿಸಿಕೊಂಡಿತು, ಎಲ್ಲಿ ಬಣ್ಣ ಬದಲಾಯಿತು ಎಂದು ಯಂತ್ರ 15 ನಿಮಿಷಕ್ಕೊಮ್ಮೆ ನೋಡಿ, ತನ್ನಲ್ಲಿರುವ ಮಾಹಿತಿಗೆ ಹೋಲಿಸಿ ಹೆಸರು ಹೇಳುತ್ತದೆ. ಮಾಲ್ಡಿ-ಟಾಫ್ ಯಂತ್ರ ಬ್ಯಾಕ್ಟೀರಿಯಾದ ಪ್ರೋಟೀನುಗಳನ್ನು ಲೇಸರ್‌ನಿಂದ ಚಿಮ್ಮಿಸಿ, ಅವುಗಳ ತೂಕದ ನಕ್ಷೆ ತೆಗೆದು, ಕೆಲವೇ ನಿಮಿಷಗಳಲ್ಲಿ ಉತ್ತರ ಕೊಡುತ್ತದೆ. ನಮ್ಮ ಕೆಲಸವನ್ನು ಇವು ಎಷ್ಟೋ ಹಗುರ ಮಾಡಿವೆ. ಆದರೆ ಎರಡೂ ಹುಡುಕುವುದು ತಮ್ಮ ಸಂಗ್ರಹದೊಳಗೆ ಮಾತ್ರ. ಸ್ಯೂಡೋಮಾಲಿಯೈ ಜೈವಿಕ ಅಸ್ತ್ರವಾಗಬಹುದಾದ ಬ್ಯಾಕ್ಟೀರಿಯಾಗಳ ಪಟ್ಟಿಯಲ್ಲಿದೆ. ಹಾಗಾಗಿ ಕೆಲವು ಮಾಲ್ಡಿ-ಟಾಫ್ ಯಂತ್ರಗಳ ಸಾಮಾನ್ಯ ಸಂಗ್ರಹದಲ್ಲಿ ಅದರ ನಕ್ಷೆಯನ್ನೇ ಇಟ್ಟಿರಲಿಲ್ಲ. ಇಲ್ಲದ್ದನ್ನು ಕೇಳಿದಾಗ ಯಂತ್ರ ಹತ್ತಿರದ ನೆಂಟನ ಹೆಸರು ಹೇಳಿಬಿಡುತ್ತದೆ. ವೈಟೆಕ್-2 ಇದನ್ನು ಕೆಲವೊಮ್ಮೆ ಸೆಪೇಶಿಯಾ ಎನ್ನುವುದೂ ವೈದ್ಯಕೀಯ ವರದಿಗಳಲ್ಲಿ ದಾಖಲಾಗಿದೆ.

ಇಂಥ ತಪ್ಪನ್ನು ಹಿಡಿಯುವವರು ಲ್ಯಾಬಿನ ಅನುಭವಸ್ಥರು. ಆಕ್ಸಿಡೇಸ್ ಪಾಸಿಟಿವ್ ಆದ, ಜೆಂಟಾಮೈಸಿನ್‌ಗೂ ಕೊಲಿಸ್ಟಿನ್‌ಗೂ ಜಗ್ಗದ, ಆದರೆ ಕೋ-ಅಮಾಕ್ಸಿಕ್ಲಾವ್‌ಗೆ ಸಾಯುವ ಗ್ರಾಮ್ ನೆಗೆಟಿವ್ ಬ್ಯಾಕ್ಟೀರಿಯಾ ಕಂಡರೆ ಅವರು ಯಂತ್ರದ ಉತ್ತರವನ್ನು ಅಲ್ಲಿಗೇ ಬಿಡುವುದಿಲ್ಲ. ಕೆಲವು ದಿನ ಬಿಟ್ಟರೆ ಪ್ಲೇಟಿನ ಮೇಲಿನ ಬೆಳವಣಿಗೆ ಒಣಗಿ ಸುಕ್ಕುಗಟ್ಟುತ್ತದೆ, ಅದೂ ಒಂದು ಸುಳಿವು. 1912ರಲ್ಲಿ ರಂಗೂನಿನಲ್ಲಿ ವಿಟ್ಮೋರ್ ಮತ್ತು ಕೃಷ್ಣಸ್ವಾಮಿ ಈ ರೋಗವನ್ನು ಮೊದಲು ವರ್ಣಿಸಿದ್ದು ಶವಪರೀಕ್ಷೆ, ಕಲ್ಚರ್, ಸೂಕ್ಷ್ಮದರ್ಶಕಗಳ ಬಲದಿಂದಲೇ.

ಕರಾವಳಿ, ಮಳೆಗಾಲ, ಗದ್ದೆಯ ಕೆಸರು, ಸಕ್ಕರೆ ಕಾಯಿಲೆ: ಈ ನಾಲ್ಕು ಒಟ್ಟಿಗೆ ಕಂಡರೆ ಉಡುಪಿ, ದಕ್ಷಿಣ ಕನ್ನಡದ ವೈದ್ಯರಿಗೆ ಮೆಲಿಯಾಯ್ಡೋಸಿಸ್ ನೆನಪಾಗಲೇಬೇಕು. ಲ್ಯಾಬಿನ ಚೀಟಿಯಲ್ಲಿ ಬರೀ ‘ಜ್ವರ’ ಎಂದು ಗೀಚಿ ಕಳಿಸುವ ನಮ್ಮವರ ಅಭ್ಯಾಸ ನನಗೆ ನಿಜಕ್ಕೂ ನೋವು ತರುತ್ತದೆ. ಆ ನಾಲ್ಕು ಮಾತು ಚೀಟಿಯಲ್ಲಿದ್ದರೆ ಹೆಸರು ಬೇಗ ಸಿಗುತ್ತದೆ. ಉಸಿರಿನ ಮೂಲಕವೂ ಒಳಹೋಗಬಲ್ಲ ಈ ಬ್ಯಾಕ್ಟೀರಿಯಾವನ್ನು ಕೈಯಲ್ಲಿ ಹಿಡಿಯುವ ತಂತ್ರಜ್ಞರೂ ಎಚ್ಚರ ವಹಿಸುತ್ತಾರೆ. ಆ ನಾಲ್ಕು ಮಾತನ್ನು ನೀವೇ ಕೇಳಿ ಬರೆಸಿದರೂ ತಪ್ಪಿಲ್ಲ.

ಮನೆಮಂದಿಗೆ ಹರಡುವುದು ತೀರಾ ಅಪರೂಪ, ಹೆದರಬೇಡಿ. ತಂದೆಯವರು ಮತ್ತೆ ಗದ್ದೆಗೆ ಇಳಿಯುವಾಗ ಗಂಬೂಟು ಹಾಕಿಕೊಳ್ಳಲಿ, ಕಾಲಲ್ಲಿ ಗಾಯವಿದ್ದ ದಿನ ಇಳಿಯುವುದೇ ಬೇಡ. ಸಕ್ಕರೆ ಹತೋಟಿಯಲ್ಲಿರಲಿ.

ಪ್ರಶ್ನೆ: ನನ್ನ ಮೂತ್ರದ ಕಲ್ಚರ್ ರಿಪೋರ್ಟಿನಲ್ಲಿ ಇ. ಕೋಲೈ ಬಂದಿದೆ. ಸಿಪ್ರೊಫ್ಲಾಕ್ಸಸಿನ್ ಎದುರು 0.25, ನೈಟ್ರೊಫ್ಯುರಾಂಟಾಯಿನ್ ಎದುರು 16 ಎಂದಿದೆ. ಎರಡಕ್ಕೂ ‘ಎಸ್’, ಅಂದರೆ ಔಷಧಕ್ಕೆ ಬಗ್ಗುತ್ತದೆ ಎಂದಿದೆ. ಕಡಿಮೆ ಅಂಕಿಯದೇ ಒಳ್ಳೆಯ ಔಷಧವಲ್ಲವೇ?
– ಓದುಗರು, ಹಾಸನ

ಉತ್ತರ: ಅಲ್ಲ. ಆ ಅಂಕಿ ಬ್ಯಾಕ್ಟೀರಿಯಾದ ಬೆಳವಣಿಗೆ ತಡೆಯಲು ಬೇಕಾದ ಔಷಧದ ಕನಿಷ್ಠ ಪ್ರಮಾಣ. ಪ್ರತಿ ಔಷಧಕ್ಕೂ ಅದರದೇ ಗಡಿ ಇದೆ, ಒಂದರ ಅಂಕಿಯನ್ನು ಇನ್ನೊಂದಕ್ಕೆ ಹೋಲಿಸುವಂತಿಲ್ಲ. ನೈಟ್ರೊಫ್ಯುರಾಂಟಾಯಿನ್ ಮೂತ್ರದಲ್ಲೇ ಹೆಚ್ಚಾಗಿ ಶೇಖರವಾಗುವುದರಿಂದ ಬರೀ ಉರಿಮೂತ್ರಕ್ಕೆ 16 ಇದ್ದರೂ ಚೆನ್ನಾಗಿ ಕೆಲಸ ಮಾಡುತ್ತದೆ. ಚಳಿಜ್ವರ, ಪಕ್ಕೆನೋವು ಇದ್ದರೆ ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು. ಆಗ ಅದು ಸಾಲದು. ರಿಪೋರ್ಟನ್ನು ಔಷಧಿ ಅಂಗಡಿಗೆ ಒಯ್ಯಬೇಡಿ, ಕಲ್ಚರ್ ಬರೆದುಕೊಟ್ಟ ವೈದ್ಯರಿಗೇ ತೋರಿಸಿ.