ಉಪವಾಸದ ದಿನಗಳಲ್ಲಿ ಮೂತ್ರಲ ಔಷಧಿ

ಷೋಡಶಕಾರಣ ಭಾವನೆಗಳಲ್ಲಿ ತಪಸ್ಸನ್ನು ಹೇಳುವಾಗ ಪೂರ್ವಾಚಾರ್ಯರು ‘ಶಕ್ತಿತಃ’ ಎಂಬ ಪದವನ್ನು ಅದಕ್ಕೆ ಸೇರಿಸಿದ್ದಾರೆ. ಇದ್ದ ಶಕ್ತಿಯನ್ನು ಮರೆಮಾಚಬಾರದು, ಇಲ್ಲದ ಶಕ್ತಿಯನ್ನು ಇದೆಯೆಂದು ಭಾವಿಸಲೂಬಾರದು ಎಂಬುದು ಇದರ ಅಭಿಪ್ರಾಯ. ರಕ್ತದೊತ್ತಡ, ಹೃದ್ರೋಗ, ಯಕೃತ್ತಿನ ವ್ಯಾಧಿ ಮೊದಲಾದವುಗಳಿಗಾಗಿ ಮೂತ್ರಲ ಔಷಧಿಯನ್ನು, ಅಂದರೆ ಜನರು ‘ನೀರಿನ ಮಾತ್ರೆ’ ಎನ್ನುವುದನ್ನು, ಸೇವಿಸುತ್ತಿರುವ ಶ್ರಾವಕ ಶ್ರಾವಿಕೆಯರು ದಶಲಕ್ಷಣ ಪರ್ವಕ್ಕೆ ಮುನ್ನ ಈ ಪದವನ್ನು ಮನನ ಮಾಡತಕ್ಕದ್ದು.

ಈ ಮಾತ್ರೆಗಳು ಮೂತ್ರಪಿಂಡದಲ್ಲಿ ಉಪ್ಪು ಮರಳಿ ರಕ್ತಕ್ಕೆ ಸೇರುವುದನ್ನು ತಡೆಯುತ್ತವೆ. ಉಪ್ಪಿನೊಡನೆ ನೀರೂ ಹೊರಹೋಗುತ್ತದೆ. ಲೇಸಿಕ್ಸ್ ಎಂದು ಪರಿಚಿತವಾದ ಫ್ಯೂರೋಸೆಮೈಡ್ ನುಂಗಿದ ಒಂದು ಗಂಟೆಯೊಳಗೆ ಕಾರ್ಯಾರಂಭ ಮಾಡಿ ಸುಮಾರು ಆರು ಗಂಟೆಗಳ ಕಾಲ ಪ್ರಭಾವ ಬೀರುತ್ತದೆ. ನಿತ್ಯದಂತೆ ಅನ್ನಪಾನಗಳು ಒಳಬರುತ್ತಿರುವಾಗ ಈ ವ್ಯಯ ಸರಿದೂಗುತ್ತದೆ. ಚತುರ್ವಿಧಾಹಾರವನ್ನು ತ್ಯಜಿಸಿದ ದಿನವಾದರೋ ಆಯವಿಲ್ಲ, ವ್ಯಯ ಮಾತ್ರ ಉಂಟು. ಭಾದ್ರಪದವು ಮಳೆಗಾಲವೇ ಆದರೂ ಹೊಳಲ್ಕೆರೆಯ ಕಡೆಯ ತಂಪು ಹಿರಿಯೂರಿನ ಬಯಲಿಗೆ ಇರುವುದಿಲ್ಲ. ಅಲ್ಲಿಯ ಒಣಗಾಳಿಯಲ್ಲಿ ಬೆವರಿನಿಂದಲೂ ದೇಹದ ನೀರು ಕಳೆಯುತ್ತದೆ.

ತಾವು ಇಂತಹ ಔಷಧಿಯನ್ನು ಸೇವಿಸುತ್ತಿರುವುದೇ ಅನೇಕರಿಗೆ ತಿಳಿದಿರುವುದಿಲ್ಲ. ರಕ್ತದೊತ್ತಡದ ಒಂದೇ ಮಾತ್ರೆಯಲ್ಲಿ ಎರಡು ಔಷಧಿಗಳನ್ನು ಕೂಡಿಸಿರುವುದು ಈಗ ಸಾಮಾನ್ಯ. ಹೆಸರಿನ ಕೊನೆಗೆ ‘ಎಚ್’ ಅಕ್ಷರವಿದ್ದರೆ ಬಹುಮಟ್ಟಿಗೆ ಅದರಲ್ಲಿ ಹೈಡ್ರೋಕ್ಲೋರೋಥಯಜೈಡ್ ಎಂಬ ಮೂತ್ರಲವಿರುತ್ತದೆ. ಆದುದರಿಂದ ಮಾತ್ರೆಯ ಹಾಳೆಯನ್ನೇ ವೈದ್ಯರಿಗೆ ತೋರಿಸುವುದು ಮೇಲು.

ವ್ರತಿಗಳಲ್ಲಿ ಎರಡು ಬಗೆಯ ತಪ್ಪುಗಳು ಕಂಡುಬರುತ್ತವೆ. ನಿರಾಹಾರವಾಗಿದ್ದೂ ಮಾತ್ರೆಯನ್ನು ಎಂದಿನಂತೆ ನುಂಗುವುದು ಒಂದು. ಇದರಿಂದ ರಕ್ತದೊತ್ತಡ ಕುಸಿದು, ಎದ್ದು ನಿಂತೊಡನೆ ತಲೆ ಸುತ್ತಿ ಬೀಳುವ ಸಂಭವವಿದೆ, ಮೂತ್ರಪಿಂಡಕ್ಕೂ ಧಕ್ಕೆಯಾಗುತ್ತದೆ. ವ್ರತಭಂಗವಾದೀತೆಂದು ಹತ್ತು ದಿನವೂ ಯಾರಿಗೂ ಹೇಳದೆ ಮಾತ್ರೆಯನ್ನು ಬಿಟ್ಟುಬಿಡುವುದು ಇನ್ನೊಂದು. ಹೃದಯ ದುರ್ಬಲವಾಗಿರುವವರಲ್ಲಿ ಆಗ ಶ್ವಾಸಕೋಶದಲ್ಲಿ ನೀರು ತುಂಬಿ, ಮಲಗಿದರೆ ಉಸಿರು ಕಟ್ಟುವ ಸ್ಥಿತಿ ಬರುತ್ತದೆ. ಇದನ್ನು ಸಲ್ಲೇಖನದ ಹೆಸರಿನಲ್ಲಿ ಸಮರ್ಥಿಸುವವರೂ ಉಂಟು, ಅದು ಸರಿಯಲ್ಲ. ಸಲ್ಲೇಖನವು ಗುರುವಿನ ಅನುಜ್ಞೆಯಿಂದ ಕ್ರಮವಾಗಿ ಸ್ವೀಕರಿಸುವ ವ್ರತ. ಗುಟ್ಟಾಗಿ ಔಷಧಿ ಬಿಡುವುದು ಅಲಕ್ಷ್ಯ. ಯಾರಿಗೆ ಒಂದು ದಿನ ಮಾತ್ರೆ ನಿಲ್ಲಿಸಬಹುದು, ಯಾರಿಗೆ ಪ್ರಮಾಣವನ್ನು ತಗ್ಗಿಸಬೇಕು, ಯಾರಿಗೆ ಎರಡೂ ಸಲ್ಲದು ಎಂಬುದನ್ನು ವೈದ್ಯರೇ ನಿರ್ಣಯಿಸಬೇಕು, ಅದೂ ಸಂಕಲ್ಪಕ್ಕೆ ಮೊದಲು.

ಹಾಗಾದರೆ ರೋಗಿಗೆ ವ್ರತವಿಲ್ಲವೇ? ಉಂಟು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ನಾಲ್ಕು ಬಗೆಯ ಆಹಾರದ ತ್ಯಾಗವನ್ನು ಉಪವಾಸವೆಂದೂ, ಒಮ್ಮೆ ಮಾತ್ರ ಭುಜಿಸುವುದನ್ನು ಪ್ರೋಷಧವೆಂದೂ ಬೇರ್ಪಡಿಸಿದೆ. ಬಾಹ್ಯತಪಗಳಲ್ಲಿ ಅನಶನದ ಪಕ್ಕದಲ್ಲೇ ಅವಮೌದರ್ಯಕ್ಕೆ ಸ್ಥಾನವಿದೆ. ವೈದ್ಯರು ಒಪ್ಪಿದರೆ ಏಕಭುಕ್ತವೋ ಊನೋದರವೋ ಇಂತಹವರಿಗೆ ಯೋಗ್ಯ. ಅದೂ ಆಗದಿದ್ದರೆ ಸ್ವಾಧ್ಯಾಯವಿದೆ. ಶ್ವೇತಾಂಬರ ಬಂಧುಗಳು ಅಠಾಯಿಯ ಪಚ್ಚಕ್ಖಾಣಕ್ಕೆ ಮುನ್ನ ಸಾಧು ಸಾಧ್ವಿಯರಲ್ಲಿ ತಮ್ಮ ರೋಗವನ್ನು ಬಿಚ್ಚಿ ಹೇಳತಕ್ಕದ್ದು. ರಾತ್ರಿಭೋಜನ ತ್ಯಾಗದ ವಿಷಯದಲ್ಲಂತೂ ತೊಡಕು ಕಡಿಮೆ: ನಿದ್ರೆ ಕೆಡದಿರಲೆಂದು ಈ ಮಾತ್ರೆಯನ್ನು ಬೆಳಿಗ್ಗೆಯೇ ಕೊಡುತ್ತಾರೆ, ಎರಡನೆಯದಿದ್ದರೆ ಮಧ್ಯಾಹ್ನ.

ರಸಪರಿತ್ಯಾಗದಲ್ಲಿ ಹೆಚ್ಚಿನ ಎಚ್ಚರ ಬೇಕು. ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿಗಳೊಡನೆ ಉಪ್ಪೂ ಆರು ರಸಗಳಲ್ಲಿ ಸೇರಿದೆ. ವೈದ್ಯರು ಮಿತಗೊಳಿಸಿದ ಉಪ್ಪು ಬೇರೆ, ಸಂಪೂರ್ಣ ತ್ಯಾಗ ಬೇರೆ. ಥಯಜೈಡ್ ಜಾತಿಯ ಮಾತ್ರೆ ಸೇವಿಸುವ ವೃದ್ಧರು ಉಪ್ಪನ್ನು ಪೂರ್ತಿ ಬಿಟ್ಟು, ಕಾಯಿಸಿ ಆರಿಸಿದ ನೀರನ್ನೇ ಮೇಲಿಂದ ಮೇಲೆ ಕುಡಿದರೆ ರಕ್ತದ ಸೋಡಿಯಂ ಇಳಿಯುತ್ತದೆ. ಮಂಪರು, ಮಾತಿನ ತೊದಲು, ದಿಕ್ಕುತಪ್ಪಿದ ನಡತೆ ಇದರ ಲಕ್ಷಣಗಳು. ಮನೆಯವರು ಇದನ್ನು ವ್ರತದ ಬಳಲಿಕೆಯೆಂದು ಎಣಿಸಿ ಸುಮ್ಮನಿರುವುದೇ ಅಪಾಯ.

ಪಾರಣೆಯ ಎಳನೀರಿನ ವಿಷಯ. ಹೊಸದುರ್ಗ, ಹಿರಿಯೂರುಗಳ ತೆಂಗಿನ ಸೀಮೆಯಲ್ಲಿ ಅದಕ್ಕಿಂತ ನಿರಪಾಯಕರವಾದ ಪಾನೀಯವಿಲ್ಲವೆಂಬ ನಂಬಿಕೆ ಇದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ. ಫ್ಯೂರೋಸೆಮೈಡ್, ಥಯಜೈಡ್‌ಗಳು ಪೊಟ್ಯಾಸಿಯಂ ಅನ್ನು ಹೊರದೂಡುತ್ತವೆ. ಅವರಿಗೆ ಎಳನೀರು ಹಿತವಾಗಬಹುದು. ಆಲ್ಡಾಕ್ಟೋನ್ ಎಂದು ಪ್ರಸಿದ್ಧವಾದ ಸ್ಪೈರೋನೊಲ್ಯಾಕ್ಟೋನ್ ಅದನ್ನು ದೇಹದಲ್ಲೇ ಉಳಿಸುತ್ತದೆ. ಜೊತೆಗೆ ಟೆಲ್ಮಿಸಾರ್ಟಾನ್ ಅಥವಾ ರಾಮಿಪ್ರಿಲ್ ಇದ್ದರೆ ಮತ್ತಷ್ಟು. ಅಂತಹವರು ಪಾರಣೆಯಲ್ಲಿ ಎರಡು ಮೂರು ಎಳನೀರು ಕುಡಿದರೆ ಹೃದಯದ ಬಡಿತವೇ ತಪ್ಪಬಹುದು. ಒಂದೇ ಪಂಕ್ತಿಯಲ್ಲಿ ಕುಳಿತ ಇಬ್ಬರಿಗೆ ಒಂದೇ ಪಾನೀಯ ಭಿನ್ನ ಫಲ ಕೊಡುವುದು ಹೀಗೆ. ನೀರಿನ ಮಿತಿ ಹೇಳಿಸಿಕೊಂಡವರು ಪಾರಣೆಯಲ್ಲಿಯೂ ಅದನ್ನು ಮೀರಬಾರದು.

ಉಪವಾಸದ ತಲೆನೋವಿಗೆಂದು ಅಂಗಡಿಯಿಂದ ಡೈಕ್ಲೊಫೆನಾಕ್, ಐಬುಪ್ರೊಫೆನ್ ತಂದು ನುಂಗಕೂಡದು; ನೀರಿನ ಮಾತ್ರೆಯೊಡನೆ ಅವು ಮೂತ್ರಪಿಂಡವನ್ನು ಕೆಡಿಸುತ್ತವೆ. ಮಧುಮೇಹಕ್ಕೆ ಡಪಾಗ್ಲಿಫ್ಲೋಜಿನ್ ಸೇವಿಸುವವರೂ ಉಪವಾಸಕ್ಕೆ ಮುನ್ನ ವೈದ್ಯರನ್ನು ಕಾಣಬೇಕು. ಅದೂ ಮೂತ್ರವನ್ನು ಹೆಚ್ಚಿಸುವುದಲ್ಲದೆ ನಿರಾಹಾರದಲ್ಲಿ ರಕ್ತವನ್ನು ಆಮ್ಲೀಯಗೊಳಿಸಬಲ್ಲದು.

ಪರ್ವಕ್ಕೆ ಒಂದೆರಡು ವಾರ ಮೊದಲೇ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯಲ್ಲೋ ತಮ್ಮ ತಾಲ್ಲೂಕಿನ ಆಸ್ಪತ್ರೆಯಲ್ಲೋ ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನೈನ್ ಪರೀಕ್ಷೆಯ ಬಗ್ಗೆ ವಿಚಾರಿಸಬೇಕು. ಹೃದ್ರೋಗಿಗಳು ದಿನವೂ ಬೆಳಿಗ್ಗೆ ತೂಕ ನೋಡಿಕೊಂಡು, ಎರಡು ಮೂರು ದಿನಗಳಲ್ಲಿ 2 ಕಿಲೋ ಏರಿದರೆ ವೈದ್ಯರಿಗೆ ತಿಳಿಸಬೇಕು. ಬಸದಿಯಲ್ಲಿ ವ್ರತಿಯೊಬ್ಬರು ಮೂರ್ಛೆ ಹೋದರೆ, ಮಾತು ತಡವರಿಸಿದರೆ, ಇಡೀ ದಿನ ಮೂತ್ರವಾಗದಿದ್ದರೆ, ಎದೆ ಬಡಿತ ಏರುಪೇರಾದರೆ, ಪಕ್ಕದಲ್ಲಿರುವವರು ಪೂಜೆ ಮುಗಿಯಲೆಂದು ಕಾಯದೆ 108ಕ್ಕೆ ಕರೆ ಮಾಡಿ, ಮಾತ್ರೆಯ ಹಾಳೆಯನ್ನೂ ಜೊತೆಗೆ ಕಳುಹಿಸತಕ್ಕದ್ದು.