ಮೂರು ಭಾಷೆ, ಮೂರು ಹೆಜ್ಜೆ

ನಮ್ಮದು ಗಡಿ ತಾಲೂಕು. ಕುರಕುಂಟಾದಾಗ ಕನ್ನಡ, ತೆಲುಗು ಎರಡೂ ಹಾಡು ಕೇಳಿಸ್ತಾವ. ಅದಕ್ಕೇ ಮೂರು ಭಾಷೆಯ ಸಿನಿಮಾ ಕುಣಿತ ಹೋಲಿಸಿ ನೋಡಿದೆ.

1. ತೆಲುಗು: 'ಆರ್‌ಆರ್‌ಆರ್' (2022) ಚಿತ್ರದ 'ನಾಟು ನಾಟು'. ಇಬ್ಬರು ನಾಯಕರ ಕಾಲು ಒಂದೇ ತಾಳಕ್ಕೆ ಏಳುತ್ತವೆ. ಬಹಳ ತಾಲೀಮು ಬೇಕು. 2023ರಲ್ಲಿ ಈ ಹಾಡಿಗೆ ಆಸ್ಕರ್ ಬಂತು.

2. ಮರಾಠಿ: 'ಸೈರಾಟ್' (2016) ಚಿತ್ರದ 'ಝಿಂಗಾಟ್'. ಇಲ್ಲಿ ತಾಲೀಮೇ ಕಾಣದು. ಮೆರವಣಿಗೆಯಾಗ ಹುಡುಗರು ಕುಣಿದಂಗ ಕುಣಿತಾರ.

3. ಕನ್ನಡ: 'ಕಾಂತಾರ' (2022). ತುಳುನಾಡಿನ ಭೂತಕೋಲದ ಕುಣಿತ. ಇದು ಬರೀ ಮನರಂಜನೆ ಅಲ್ಲ, ಆರಾಧನೆ.

ಇದರಿಂದ ತಿಳಿಯುವುದೇನೆಂದರೆ, ಮೂರಕ್ಕೂ ಬೇರು ಹಳ್ಳಿಯಲ್ಲಿದೆ. 'ನಾಟು' ಅಂದ್ರೇನೇ ಹಳ್ಳಿಯದು. ನಮ್ಮ ಸೀಮೆಗೆ ಮೊಹರಂ ಅಲಾಯಿ ಕುಣಿತ ಅದ. ಸಿನಿಮಾ ಹೆಜ್ಜಿ ಯಾವಾಗ ಬೇಕಾದರೂ ಮತ್ತೆ ಹಾಕಿ ನೋಡಬಹುದು. ಅಜ್ಜಂದಿರ ಹೆಜ್ಜಿ ಅವರಿದ್ದಾಗಲೇ ಕಲೀಬೇಕು.