ಡ್ಯಾಕ್‌ಗೆ ಎಷ್ಟು ದುಡ್ಡು ಹಾಕಬಹುದು?

ದುಬಾರಿ ಡ್ಯಾಕ್ ಕೊಳ್ಳಲು ಹೊರಟವರು ಅದಕ್ಕೂ ಮೊದಲು ಒಂದು ಮಲ್ಟಿಮೀಟರ್ ಕೊಳ್ಳಬೇಕು. ಎಸಿ ವೋಲ್ಟೇಜನ್ನು ಎರಡು ದಶಮಾಂಶದವರೆಗೆ ತೋರಿಸುವ ಮೀಟರು ಎರಡು ಮೂರು ಸಾವಿರಕ್ಕೆ ಸಿಗುತ್ತದೆ. ಅದಿಲ್ಲದೆ ಎರಡು ಡ್ಯಾಕ್‌ಗಳನ್ನು ಕೇಳಿ ನೋಡಿ ಲಕ್ಷಗಟ್ಟಲೆ ಕೊಡುವುದು ತೂಕ ಹಾಕಿಸದೆ ಚಿನ್ನ ಕೊಂಡಂತೆ.

ಫೋನಿನಲ್ಲೋ ಸಿಡಿಯಲ್ಲೋ ಅಂಕಿಗಳಾಗಿ ಕೂತಿರುವ ಸಂಗೀತವನ್ನು ಆಂಪ್ಲಿಫೈಯರಿಗೆ ಬೇಕಾದ ವಿದ್ಯುತ್ ಅಲೆಯಾಗಿ ಮಾಡಿಕೊಡುವ ಪೆಟ್ಟಿಗೆಯೇ ಡ್ಯಾಕ್. ಸಾಮಾನ್ಯವಾಗಿ ಆರ್‌ಸಿಎ ಔಟ್‌ಪುಟ್‌ನಲ್ಲಿ ಅದು 2 ವೋಲ್ಟ್ ಕೊಡುತ್ತದೆ, ಬ್ಯಾಲೆನ್ಸ್ಡ್ ಎಕ್ಸ್‌ಎಲ್‌ಆರ್‌ನಲ್ಲಿ 4 ವೋಲ್ಟ್. ವೋಲ್ಟೇಜ್ ದುಪ್ಪಟ್ಟಾದರೆ ಸದ್ದು 6 ಡೆಸಿಬೆಲ್ ಏರುತ್ತದೆ. ಅಷ್ಟು ಏರಿದರೆ ಯಾರಿಗಾದರೂ ಗೊತ್ತಾದೀತು. ಅರ್ಧ ಡೆಸಿಬೆಲ್ ಏರಿದಾಗಲೇ ಕಷ್ಟ: ಕಿವಿಗೆ ಅದು ಜೋರು ಅನ್ನಿಸುವುದಿಲ್ಲ, ಸ್ವರ ಬಿಡಿಸಿ ಕೇಳಿದಂತೆ, ದನಿ ತುಂಬಿಕೊಂಡಂತೆ ಅನ್ನಿಸುತ್ತದೆ. ಮಳಿಗೆಯ ಸೋಫಾದಲ್ಲಿ ಕೂತು ಕೇಳಿ ‘ಇದೇ ಚೆನ್ನಾಗಿದೆ’ ಎಂದು ಕಾರ್ಡ್ ತೆಗೆಯುವ ಹೊತ್ತಿಗೆ ಆಗಿರುವುದು ಬಹಳ ಸಲ ಇಷ್ಟೇ.

ಹೋದ ವರ್ಷ ನಮ್ಮ ಮನೆಯಲ್ಲಿ ಮೂರು ಡ್ಯಾಕ್‌ಗಳನ್ನು ಪಕ್ಕಪಕ್ಕ ಇಟ್ಟು ಕೇಳುವ ಅವಕಾಶ ಸಿಕ್ಕಿತು. ಒಂದು ನನ್ನದೇ, ಇಎಸ್‌ಎಸ್ ಸೇಬರ್ ಚಿಪ್ ಇರುವ ಹದಿನೈದು ಸಾವಿರದ ಚೀನಾ ಪೆಟ್ಟಿಗೆ. ಎರಡನೆಯದು ಆರ್-2ಆರ್ ಬಗೆಯದು, ಸಿದ್ಧ ಚಿಪ್ಪಿನ ಬದಲು ರೆಸಿಸ್ಟರ್‌ಗಳನ್ನು ಏಣಿಯಂತೆ ಜೋಡಿಸಿ ಮಾಡಿದ್ದು, ಎರಡು ಲಕ್ಷದ ಆಸುಪಾಸು. ಮೂರನೆಯದನ್ನು ಗೆಳೆಯರೊಬ್ಬರು ಕೆಲವು ದಿನಕ್ಕೆಂದು ಕೊಟ್ಟಿದ್ದರು. ಎಫ್‌ಪಿಜಿಎ, ಅಂದರೆ ಬೇಕಾದಂತೆ ಹೊಂದಿಸಿಕೊಳ್ಳಬಹುದಾದ ಚಿಪ್ಪಿನ ಮೇಲೆ ತಯಾರಕರು ತಮ್ಮದೇ ಫಿಲ್ಟರ್ ಬರೆದಿರುವ ಇಂಗ್ಲೆಂಡಿನ ಯಂತ್ರ, ಬೆಲೆ ಎಂಟು ಲಕ್ಷಕ್ಕೂ ಮೇಲೆ.

100 ಹರ್ಟ್ಸ್ ಟೋನ್ ಹಾಕಿ, ಸ್ಪೀಕರಿನ ಟರ್ಮಿನಲ್‌ಗೆ ಮೀಟರಿನ ಕಡ್ಡಿ ಹಿಡಿದು, ಮೂರೂ 2.00 ವೋಲ್ಟ್ ತೋರಿಸುವ ಹಾಗೆ ಹೊಂದಿಸಿದೆ. 0.02 ವೋಲ್ಟ್ ಆಚೀಚೆಯಾದರೂ ವ್ಯತ್ಯಾಸ 0.1 ಡೆಸಿಬೆಲ್ ಒಳಗೇ ಇರುತ್ತದೆ. ಆಂಪ್ಲಿಫೈಯರಿನ ಇನ್‌ಪುಟ್ ಸ್ವಿಚ್ಚು ನನ್ನ ಹೆಂಡತಿಯ ಕೈಯಲ್ಲಿ. ನಾನು ಬೆನ್ನು ಹಾಕಿ ಕೂತೆ. “ರೀ, ಈಗ ಯಾವುದು ಹೇಳಿ?” ಮೀಟರ್ ಹಿಡಿಯುವ ಮೊದಲು ಸರಾಗವಾಗಿ ಗುರುತಿಸುತ್ತಿದ್ದ ಎಂಟು ಲಕ್ಷದ ಯಂತ್ರ ಈಗ ಹದಿನೈದು ಸಾವಿರದ ಪೆಟ್ಟಿಗೆಯಿಂದ ಬೇರೆಯಾಗಿ ಕೇಳಿಸಲೇ ಇಲ್ಲ. ಗೆಳೆಯರೂ ಕೂತು ನೋಡಿದರು. ಅವರಿಗೂ ಸಿಗಲಿಲ್ಲ.

ಮಗಳಿಗೆ ಮಾತ್ರ ಒಂದು ವ್ಯತ್ಯಾಸ ಸಿಕ್ಕಿತು. “ಅಪ್ಪಾ, ಇದರಲ್ಲಿ ತಾಳ ಸ್ವಲ್ಪ ಮಂಕು” ಎಂದು ಆರ್-2ಆರ್ ಪೆಟ್ಟಿಗೆಯನ್ನು ಪ್ರತಿ ಸಲವೂ ಹಿಡಿದಳು. ಅದು ಓವರ್‌ಸ್ಯಾಂಪ್ಲಿಂಗ್ (ಇರುವ ಅಂಕಿಗಳ ನಡುವೆ ಹೊಸ ಅಂಕಿಗಳನ್ನು ಲೆಕ್ಕಹಾಕಿ ತುಂಬುವುದು) ಇಲ್ಲದ ಎನ್‌ಒಎಸ್ ಮೋಡಿನಲ್ಲಿತ್ತು. ಸಿಡಿ ದರ್ಜೆಯ 44.1 ಕಿಲೋಹರ್ಟ್ಸ್ ಸಂಗೀತವನ್ನು ಹಾಗೆ ನುಡಿಸಿದರೆ 20 ಕಿಲೋಹರ್ಟ್ಸ್ ಹತ್ತಿರ ಸುಮಾರು 3 ಡೆಸಿಬೆಲ್ ಇಳಿಯುತ್ತದೆ. ಎಳೆಯ ಕಿವಿಗೆ ಆ ಎತ್ತರದ ನಾದ ಕೇಳುತ್ತದೆ, ನಮ್ಮ ವಯಸ್ಸಿನವರಿಗೆ ಕೇಳುವುದಿಲ್ಲ. ಓವರ್‌ಸ್ಯಾಂಪ್ಲಿಂಗ್ ಹಾಕಿದ ಮೇಲೆ ಅವಳಿಗೂ ಗುರುತು ಹಿಡಿಯಲಾಗಲಿಲ್ಲ. ಎನ್‌ಒಎಸ್ ದನಿಯ ಮೃದುತ್ವ ಇಷ್ಟವಾದವರು ಧಾರಾಳವಾಗಿ ಅದನ್ನೇ ಕೊಳ್ಳಲಿ, ಅದು ನಿಜವಾದ ವ್ಯತ್ಯಾಸ. ಆದರೆ ಅದೇ ಇಳಿಕೆಯನ್ನು ಪ್ಲೇಯರಿನ ಈಕ್ವಲೈಸರಿನಲ್ಲಿ ಪುಕ್ಕಟೆಯಾಗಿಯೂ ಪಡೆಯಬಹುದು.

ಇದು ನಮ್ಮ ಮನೆಯೊಂದರ ಕಥೆಯಲ್ಲ. 2007ರಲ್ಲಿ ಮೇಯರ್ ಮತ್ತು ಮೊರಾನ್ ಎಂಬಿಬ್ಬರು ಅಮೆರಿಕದ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಪರೀಕ್ಷೆಯ ವಿವರ ಪ್ರಕಟಿಸಿದರು. ಹೈ-ರೆಸಲ್ಯೂಷನ್ ಸಂಗೀತವನ್ನು ನೇರವಾಗಿ ಒಮ್ಮೆ, 16 ಬಿಟ್‌ನ ಸಿಡಿ ದರ್ಜೆಗೆ ಇಳಿಸಿ ಮತ್ತೊಮ್ಮೆ ಕೇಳಿಸಿ, ಯಾವುದು ಯಾವುದೆಂದು ಕೇಳಿದರು. 554 ಉತ್ತರಗಳಲ್ಲಿ 276 ಸರಿ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು.

ನಾವು ಕೇಳುವ ಸಂಗೀತವೂ ಲೆಕ್ಕಕ್ಕೆ ಬರಬೇಕು. ಮಲ್ಲಿಕಾರ್ಜುನ ಮನ್ಸೂರರ, ಗಂಗೂಬಾಯಿ ಹಾನಗಲ್ಲರ ಮೊದಲ ಮುದ್ರಿಕೆಗಳು 78 ಆರ್‌ಪಿಎಂ ತಟ್ಟೆಯವು, ಆಮೇಲಿನವು ಟೇಪಿನವು. ಒಳ್ಳೆಯ ಟೇಪಿನಲ್ಲೂ ಸಂಗೀತಕ್ಕೂ ಹಿಸ್ ಸದ್ದಿಗೂ ನಡುವಿನ ಅಂತರ 60-70 ಡೆಸಿಬೆಲ್. ಸಿಡಿಯದು 96. ನನ್ನ ಅಗ್ಗದ ಪೆಟ್ಟಿಗೆಯದು 110ರ ಮೇಲೆ. ಮುದ್ರಣದಲ್ಲೇ ಇಲ್ಲದ್ದನ್ನು ಎಂಟು ಲಕ್ಷದ ಯಂತ್ರ ಎಲ್ಲಿಂದ ತರಬೇಕು?

ಈಗ ದುಡ್ಡಿನ ವಿಷಯಕ್ಕೆ ಬರೋಣ. ಇಂಥ ಯಂತ್ರವನ್ನು ಎಷ್ಟೋ ಜನ ಕಾರ್ಡ್ ಇಎಂಐನಲ್ಲಿ ಕೊಳ್ಳುತ್ತಾರೆ. ಎಂಟು ಲಕ್ಷಕ್ಕೆ ವರ್ಷಕ್ಕೆ ಶೇ 16ರ ಬಡ್ಡಿಯಲ್ಲಿ 24 ಕಂತು ಮಾಡಿದರೆ ಬಡ್ಡಿಯೇ ಸುಮಾರು 1.40 ಲಕ್ಷ, ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ ಇನ್ನೊಂದು 25 ಸಾವಿರ. ಅದೇ ಎಂಟು ಲಕ್ಷವನ್ನು ಶೇ 7ರ ಠೇವಣಿಯಲ್ಲಿ ಐದು ವರ್ಷ ಬಿಟ್ಟರೆ ತೆರಿಗೆಗೆ ಮುಂಚೆ 11.30 ಲಕ್ಷ ದಾಟುತ್ತದೆ. ಆ ಐದು ವರ್ಷದಲ್ಲಿ ಡ್ಯಾಕ್‌ನ ಬೆಲೆ ಇಳಿಯುತ್ತಲೇ ಹೋಗುತ್ತದೆ. ಎಂಕ್ಯುಎ ಎಂಬ ಫಾರ್ಮ್ಯಾಟನ್ನೇ ನೋಡಿ. ಅದನ್ನು ಬಿಡಿಸುವ ಡ್ಯಾಕ್ ಬೇಕೆಂದು ಜನ ಹೆಚ್ಚು ತೆತ್ತರು. 2023ರಲ್ಲಿ ಅದರ ಹಿಂದಿದ್ದ ಕಂಪನಿಯೇ ದಿವಾಳಿಯ ಅಂಚಿಗೆ ಬಂತು, 2024ರಲ್ಲಿ ಟೈಡಲ್ ಎಂಬ ಸಂಗೀತ ಸ್ಟ್ರೀಮಿಂಗ್ ಸೇವೆ ಆ ಫಾರ್ಮ್ಯಾಟನ್ನು ಕೈಬಿಟ್ಟಿತು.

ನನ್ನ ದುಡ್ಡು ಸ್ಪೀಕರಿಗೆ ಮತ್ತು ಕೋಣೆಗೆ ಹೋಯಿತು. ಯಾವ ಕೋಣೆಯಲ್ಲಾದರೂ ಕೆಳಸ್ವರಗಳಲ್ಲಿ 10 ಡೆಸಿಬೆಲ್ ಏರಿಳಿತ ಇದ್ದದ್ದೇ. ಒಳ್ಳೆಯ ಡ್ಯಾಕ್‌ಗಳ ನಡುವೆ 0.1 ಕೂಡ ಇರುವುದಿಲ್ಲ. ಸ್ಪೀಕರನ್ನು ಗೋಡೆಯಿಂದ ಎರಡಡಿ ಮುಂದಕ್ಕೆ ತಂದಾಗ ಮೃದಂಗದ ತೊಪ್ಪಿಯ ಗುಮುಗುಮು ಬಿಗಿಯಾಯಿತು. ಬರೀ ವಿಟ್ರಿಫೈಡ್ ಟೈಲ್ಸ್ ಇದ್ದ ನೆಲಕ್ಕೆ ನವಲಗುಂದದ ಜಮಖಾನ ಹಾಸಿದ ಮೇಲೆ ತಂಬೂರಿಯ ಶ್ರುತಿ ಗೋಡೆಗೆ ಬಡಿದು ಕಲಸಿಹೋಗುವುದು ತಪ್ಪಿತು. ಇದನ್ನು ಕೇಳಲು ಬೆನ್ನು ಹಾಕಿ ಕೂರಬೇಕಾಗಲಿಲ್ಲ, ಅಡುಗೆಮನೆಯಿಂದಲೇ ಹೆಂಡತಿಗೆ ಗೊತ್ತಾಯಿತು.

ಹಾಗೆಂದು ಎಂಟು ಲಕ್ಷದ ಯಂತ್ರ ಮೋಸವೆಂದು ನಾನು ಹೇಳುವುದಿಲ್ಲ. ಅದರ ಲೋಹದ ಕವಚ, ಗುಬ್ಬಿ ತಿರುಗುವ ನಯ, ಒಳಗಿನ ಜೋಡಣೆಯ ಅಚ್ಚುಕಟ್ಟು ಕಂಡು ನನಗೂ ಮನಸ್ಸು ತುಂಬಿತು. ಆರು ತಿಂಗಳ ಮನೆಖರ್ಚು, ಆರೋಗ್ಯ ವಿಮೆ, ಮಕ್ಕಳ ಓದಿನ ಹಣ ಬೇರೆಯಾಗಿ ಎತ್ತಿಟ್ಟು, ಸಾಲವಿಲ್ಲದೆ, ಆ ಕುಶಲತೆಗೆಂದೇ ಕೊಳ್ಳುವವರು ಕೊಳ್ಳಲಿ. ಅಂಥವರು ಅಂಗಡಿಯವರಿಂದ ಎರಡು ಮಾತನ್ನು ಬರಹದಲ್ಲಿ ತೆಗೆದುಕೊಳ್ಳಬೇಕು: ಮನೆಯಲ್ಲಿ ಇಟ್ಟು ಕೇಳಿ ಹಿಂತಿರುಗಿಸಲು ಎಷ್ಟು ದಿನ ಕೊಡುತ್ತಾರೆ, ಮತ್ತು ವಾರಂಟಿ ಮುಗಿದ ಮೇಲೆ ರಿಪೇರಿಗೆ ಪರದೇಶಕ್ಕೆ ಕಳಿಸಬೇಕಾದರೆ ಹೋಗಿಬರುವ ಸಾಗಣೆ, ಸುಂಕ ಯಾರ ತಲೆಗೆ.